ಸೋಲು ಕೈಯದೋ, ಕವಡೆಯದೋ? ವಿಡಿಯೊ ಆಟಗಳ ವಿಮರ್ಶೆ ಮತ್ತು ನಮ್ಮ ಮೌನ

ಚಳ್ಳಕೆರೆ: ಆನ್‌ಲೈನ್ ಆಟಗಳ ಉತ್ತೇಜನ ಮತ್ತು ನಿಯಂತ್ರಣ ಮಸೂದೆಗೆ 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿದ್ದು ಅದು ಕಾಯ್ದೆಯಾಯಿತು. ಅದೇ ವಾರ ಅಕ್ರಮ ಬೆಟ್ಟಿಂಗ್ ಆರೋಪದ ಪ್ರಕರಣವೊಂದರಲ್ಲಿ ಜಾರಿ ನಿರ್ದೇಶನಾಲಯವು ಚಿತ್ರದುರ್ಗ ಜಿಲ್ಲೆಯೂ ಸೇರಿದಂತೆ ಹಲವೆಡೆ ಶೋಧ ನಡೆಸಿತು. ಚಿತ್ರದುರ್ಗ ಕ್ಷೇತ್ರದ ಶಾಸಕರ ಬಂಧನವಾಯಿತು. ಎಣ್ಣೆ ಗಿರಣಿಗಳಿಗೆ ಹೆಸರಾದ ಚಳ್ಳಕೆರೆ ಬೇರೊಂದು ಕಾರಣಕ್ಕೆ ಸುದ್ದಿಗೆ ಬಂತು. ಆ ಪ್ರಕರಣ ನ್ಯಾಯಾಲಯಕ್ಕೆ ಸೇರಿದ್ದು, ಅದರ ಸತ್ಯಾಸತ್ಯತೆ ಇಲ್ಲಿನ ವಿಷಯವಲ್ಲ. ಆದರೆ ಅಂದಿನಿಂದ ಚಳ್ಳಕೆರೆ, ಮೊಳಕಾಲ್ಮುರು ಎರಡೂ ತಾಲ್ಲೂಕುಗಳಲ್ಲಿ ‘ಆನ್‌ಲೈನ್ ಆಟ’ ಎಂಬ ಮಾತಿಗೆ ಒಂದೇ ಅರ್ಥ ಉಳಿದಿದೆ. ಮಗ ಮೊಬೈಲ್‌ನಲ್ಲಿ ಆಡುತ್ತಿದ್ದಾನೆ ಎಂದರೆ ತಂದೆಗೆ ಮೊದಲು ನೆನಪಾಗುವುದು ಬ್ಯಾಂಕ್ ಖಾತೆ.

ತಂದೆಯ ಆತಂಕ ನಿರಾಧಾರವೇನಲ್ಲ. ಆದರೆ ಹೊಸ ಕಾಯ್ದೆ ಸ್ವತಃ ಮೂರು ಬಗೆಯ ಆಟಗಳನ್ನು ಬೇರ್ಪಡಿಸಿದೆ ಎಂಬುದನ್ನು ಗಮನಿಸಬೇಕು. ಹಣವನ್ನು ಪಣವಾಗಿ ಒಡ್ಡುವ ಆಟಗಳಿಗೆ ನಿಷೇಧ. ಇ-ಕ್ರೀಡೆಗಳಿಗೂ, ಮನರಂಜನೆ ಮತ್ತು ಕಲಿಕೆಯ ಆಟಗಳಿಗೂ ಉತ್ತೇಜನ. ಮೊದಲನೆಯ ಬಗೆಯ ಕುರಿತು ಪತ್ರಿಕೆಗಳ ಅಪರಾಧ ಪುಟ ಬರೆಯುತ್ತದೆ. ಎರಡನೆಯದನ್ನು ಕ್ರೀಡಾಪುಟ ಈಗೀಗ ಗುರುತಿಸುತ್ತಿದೆ. ಪಣವೂ ಇಲ್ಲದ, ಪದಕವೂ ಇಲ್ಲದ, ಯಾರೋ ಕೆಲವರು ವರ್ಷಗಟ್ಟಲೆ ಕುಳಿತು ಕಟ್ಟಿದ ಆಟವೊಂದು ಚೆನ್ನಾಗಿದೆಯೇ ಇಲ್ಲವೇ ಎಂಬುದನ್ನು ಹೇಳುವ ಪುಟ ಕನ್ನಡ ಪತ್ರಿಕೋದ್ಯಮದಲ್ಲಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಚಲನಚಿತ್ರಕ್ಕೆ ವಿಮರ್ಶೆಯಿದೆ, ನಾಟಕಕ್ಕಿದೆ, ಪುಸ್ತಕಕ್ಕಿದೆ, ಬೆಂಗಳೂರಿನ ಹೋಟೆಲುಗಳ ದೋಸೆಗೂ ಇದೆ.

ಈ ಕೊರತೆ ಎಲ್ಲಕ್ಕಿಂತ ಹೆಚ್ಚಾಗಿ ಕಾಡುವುದು ‘ರೋಗ್‌ಲೈಕ್’ ಎಂಬ ಒಂದು ಬಗೆಯ ಆಟಗಳ ವಿಷಯದಲ್ಲಿ. ಹೆಸರು ಕನ್ನಡದ ಕಿವಿಗೆ ರೋಗವೆಂದು ಕೇಳಿಸುವುದು ಆಕಸ್ಮಿಕವಷ್ಟೆ. ಮೂಲದ ಅರ್ಥ ಪೋಕರಿ. 1980ರಲ್ಲಿ ಮೈಕೆಲ್ ಟಾಯ್, ಗ್ಲೆನ್ ವಿಚ್‌ಮನ್ ಎಂಬ ಇಬ್ಬರು ಅಮೆರಿಕದ ವಿದ್ಯಾರ್ಥಿಗಳು ಆರಂಭಿಸಿ, ಕೆನ್ ಆರ್ನಾಲ್ಡ್ ಕೈಜೋಡಿಸಿದ ‘ರೋಗ್’ ಆಟದಿಂದ ಈ ಹೆಸರು ಬಂತು. ಅದರ ಲಕ್ಷಣ ಎರಡು. ಪ್ರತಿ ಬಾರಿ ಆಡುವಾಗಲೂ ನೆಲಮಾಳಿಗೆಯ ನಕ್ಷೆಯನ್ನು ಯಂತ್ರ ಹೊಸದಾಗಿ ಜೋಡಿಸುತ್ತದೆ, ಆದ್ದರಿಂದ ದಾರಿಯನ್ನು ಕಂಠಪಾಠ ಮಾಡಲಾಗದು. ಸತ್ತರೆ ಆಟ ಅಲ್ಲಿಗೆ ಮುಗಿಯಿತು, ಮತ್ತೆ ಮೊದಲಿನಿಂದ.

ಚೌಕಾಬಾರ ಆಡಿದವರಿಗೆ ಇದು ಹೊಸದಾಗಿ ಕಾಣಬಾರದು. ನಾಲ್ಕು ಕವಡೆ ಎಸೆದಾಗ ಬೀಳುವ ಸಂಖ್ಯೆ ನಮ್ಮ ಕೈಯಲ್ಲಿಲ್ಲ. ಬಿದ್ದ ಸಂಖ್ಯೆಗೆ ಯಾವ ಕಾಯಿ ನಡೆಸಬೇಕೆಂಬುದು ನಮ್ಮದೇ ತೀರ್ಮಾನ. ಎದುರಾಳಿ ಹೊಡೆದರೆ, ಹಣ್ಣಾಗಲು ಒಂದೇ ಮನೆ ಬಾಕಿಯಿದ್ದ ಕಾಯಿಯೂ ಹೊರಟಲ್ಲಿಗೇ ಹಿಂದಿರುಗಬೇಕು. ಹಬ್ಬದ ಮಧ್ಯಾಹ್ನ ಜಗಲಿಯ ಮೇಲೆ ಸೋತ ಅಜ್ಜಿ ಕವಡೆಯನ್ನು ಶಪಿಸುತ್ತಿದ್ದರು, ಗೆದ್ದ ಮೊಮ್ಮಗಳು ತನ್ನ ಬುದ್ಧಿಯನ್ನು ಹೊಗಳಿಕೊಳ್ಳುತ್ತಿದ್ದಳು. ಸೋತದ್ದು ಕವಡೆಯಿಂದಲೋ, ಕಾಯಿ ನಡೆಸಿದ ಕೈಯಿಂದಲೋ? ಜಗತ್ತಿನ ಆಟವಿಮರ್ಶಕರು ರೋಗ್‌ಲೈಕ್ ಆಟಗಳನ್ನು ಕುರಿತು ಬರೆದದ್ದರಲ್ಲಿ ಬಹುಪಾಲು ಈ ಜಗಲಿಯ ಜಗಳದ ಮುಂದುವರಿಕೆಯೇ ಆಗಿದೆ.

ಫ್ರಾನ್ಸಿನ ಬೋರ್ಡೊ ನಗರದ ಮೋಷನ್ ಟ್ವಿನ್ ಎಂಬ ಸಣ್ಣ ಸಂಸ್ಥೆ 2018ರ ಆಗಸ್ಟ್‌ನಲ್ಲಿ ಪೂರ್ಣರೂಪದಲ್ಲಿ ಬಿಡುಗಡೆ ಮಾಡಿದ ‘ಡೆಡ್ ಸೆಲ್ಸ್’ ಇದಕ್ಕೆ ಒಳ್ಳೆಯ ಉದಾಹರಣೆ. ದೊಡ್ಡ ಬಂಡವಾಳದ ಹಂಗಿಲ್ಲದ, ಆ ವಲಯದಲ್ಲಿ ‘ಇಂಡಿ’ ಎಂದು ಕರೆಯಲಾಗುವ ಸ್ವತಂತ್ರ ನಿರ್ಮಾಣ ಅದು. ಸಂಸ್ಥೆಯೇ ಕಾರ್ಮಿಕರ ಸಹಕಾರಿ, ಎಲ್ಲರಿಗೂ ಸಮಾನ ವೇತನ. ನಮ್ಮ ನೇಕಾರರ ಸಹಕಾರ ಸಂಘಗಳನ್ನು ಕಂಡವರಿಗೆ ಕುತೂಹಲ ಹುಟ್ಟಿಸುವ ಸಂಗತಿ. ದ್ವೀಪವೊಂದರ ಸೆರೆಮನೆಯಿಂದ ತಲೆಯಿಲ್ಲದ ಕೈದಿ ಹೊರಬೀಳಲು ಯತ್ನಿಸುತ್ತಾನೆ, ಸಾಯುತ್ತಾನೆ, ಸೆರೆಮನೆಯಲ್ಲೇ ಮತ್ತೆ ಏಳುತ್ತಾನೆ. ಏಳುವಷ್ಟರಲ್ಲಿ ದ್ವೀಪದ ದಾರಿಗಳು ಬದಲಾಗಿರುತ್ತವೆ.

ವಿಮರ್ಶಕರು ಇದನ್ನು ಬಹುತೇಕ ಒಮ್ಮತದಿಂದ ಸ್ವಾಗತಿಸಿದರು. ಅದೇ ವರ್ಷದ ಗೇಮ್ ಅವಾರ್ಡ್ಸ್ ಸಮಾರಂಭದಲ್ಲಿ ಅತ್ಯುತ್ತಮ ಆ್ಯಕ್ಷನ್ ಆಟದ ಪ್ರಶಸ್ತಿಯೂ ಬಂತು. ಹೊಗಳಿಕೆಯ ಕಾರಣ ಚಿತ್ರದ ಸೊಗಸಿಗಿಂತ ಹೆಚ್ಚಾಗಿ ಅದರ ನಿಷ್ಪಕ್ಷಪಾತದಲ್ಲಿತ್ತು. ಗುಂಡಿ ಒತ್ತಿದ ಕ್ಷಣಕ್ಕೇ ಕೈದಿ ಜಿಗಿಯುತ್ತಾನೆ, ಶತ್ರು ಹೊಡೆಯುವ ಮುನ್ನ ಸೂಚನೆ ಕೊಡುತ್ತಾನೆ. ಆದ್ದರಿಂದ ಸತ್ತಾಗ ಆಟಗಾರನಿಗೆ ತನ್ನ ತಪ್ಪು ಕಾಣುತ್ತದೆ, ಯಂತ್ರವನ್ನು ದೂರಲು ಸಾಧ್ಯವಾಗುವುದಿಲ್ಲ. ಆಕ್ಷೇಪ ಎತ್ತಿದವರೂ ಇದ್ದರು. ಒಂದೇ ಪ್ರದೇಶವನ್ನು ಹತ್ತಾರು ಬಾರಿ ದಾಟಬೇಕು. ಸತ್ತರೂ ಕೆಲವು ಗಳಿಕೆಗಳು ಉಳಿದುಕೊಂಡು ಮುಂದಿನ ಬಾರಿಗೆ ಬಲ ಕೊಡುತ್ತವೆ. ಹಾಗಾದರೆ ಇಪ್ಪತ್ತನೆಯ ಬಾರಿ ಗೆದ್ದವನು ನಿಜಕ್ಕೂ ಕಲಿತು ಗೆದ್ದನೋ, ಕೂಡಿಟ್ಟ ಬಲದಿಂದ ಗೆದ್ದನೋ? ಈ ವರದಿಗಾರನ ಮಟ್ಟಿಗೆ ಡೆಡ್ ಸೆಲ್ಸ್ ಕುರಿತ ಅತ್ಯಂತ ತೂಕದ ಪ್ರಶ್ನೆ ಇದೇ. ಸಾವಿನ ನಂತರ ಏನೂ ಉಳಿಯಕೂಡದೆಂಬ ಹಳೆಯ ಸಂಪ್ರದಾಯದವರು ಇಂಥವನ್ನು ರೋಗ್‌ಲೈಕ್ ಎನ್ನಲೂ ಒಪ್ಪದೆ ‘ರೋಗ್‌ಲೈಟ್’ ಎಂದು ಬೇರೆ ಜಾತಿ ಮಾಡಿದ್ದಾರೆ. ರೋಗ್‌ಲೈಕ್ ಲಕ್ಷಣಗಳನ್ನು ಪಟ್ಟಿ ಮಾಡಲು ಅವರಲ್ಲಿ ಕೆಲವರು 2008ರಲ್ಲಿ ಬರ್ಲಿನ್‌ನಲ್ಲಿ ಸಭೆಯನ್ನೇ ಸೇರಿದ್ದರು. ಮಡಿವಂತಿಕೆ ನಮ್ಮೊಬ್ಬರದೇ ಸ್ವತ್ತಲ್ಲ.

ಇದೇ ಆಟದ ಸುತ್ತ ನಡೆದ ಇನ್ನೊಂದು ಪ್ರಸಂಗ ವಿಮರ್ಶೆಯ ಬೆಲೆಯನ್ನು ತೋರಿಸುತ್ತದೆ. ಐಜಿಎನ್ ಎಂಬ ಪ್ರಭಾವಿ ತಾಣ ಪ್ರಕಟಿಸಿದ ಡೆಡ್ ಸೆಲ್ಸ್ ವಿಮರ್ಶೆ, ಅದಕ್ಕೂ ಮೊದಲು ಒಂದು ಸಣ್ಣ ಯೂಟ್ಯೂಬ್ ಚಾನೆಲ್‌ನಲ್ಲಿ ಬಂದಿದ್ದ ವಿಮರ್ಶೆಯ ನಕಲೆಂದು 2018ರ ಆಗಸ್ಟ್‌ನಲ್ಲಿ ಬಯಲಾಯಿತು. ತಾಣ ಲೇಖನವನ್ನು ಹಿಂತೆಗೆದುಕೊಂಡು, ಬರೆದವರನ್ನು ಕೆಲಸದಿಂದ ತೆಗೆದು, ಬೇರೊಬ್ಬರಿಂದ ಹೊಸದಾಗಿ ಬರೆಸಿತು. ಆಟವೊಂದರ ಕುರಿತ ನಾಲ್ಕು ಪ್ಯಾರಾಗಳ ಅಭಿಪ್ರಾಯ ಕದಿಯಲು ಯೋಗ್ಯವಾದ ವಸ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಜಾಹೀರಾತಿಗೆ ಹಣವಿಲ್ಲದ ಸಣ್ಣ ತಯಾರಕನಿಗೆ ವಿಮರ್ಶೆಯೇ ಅಂಗಡಿಯ ಬಾಗಿಲು.

ಕೈಚಳಕದ ಜೊತೆಗೆ ಒಗಟೂ ಸೇರಿದಾಗ ವಿಮರ್ಶಕನ ಕೆಲಸ ಇನ್ನೂ ಜಟಿಲವಾಗುತ್ತದೆ. ಫಿನ್ಲೆಂಡಿನ ನೊಲ್ಲಾ ಗೇಮ್ಸ್ 2020ರಲ್ಲಿ ಪೂರ್ಣಗೊಳಿಸಿದ ‘ನೊಯಿಟಾ’ ಆಟದಲ್ಲಿ ಪರದೆಯ ಪ್ರತಿ ಚುಕ್ಕೆಗೂ ಭೌತಿಕ ಗುಣವಿದೆ. ಎಣ್ಣೆ ಹರಿಯುತ್ತದೆ, ಮರ ಉರಿಯುತ್ತದೆ, ನೀರು ಬೆಂಕಿಯನ್ನು ಆರಿಸುತ್ತದೆ. ನೊಯಿಟಾ ಎಂದರೆ ಮಾಟಗಾತಿ. ಮಂತ್ರಗಳನ್ನು ಕೋಲಿನಲ್ಲಿ ಯಾವ ಕ್ರಮದಲ್ಲಿ ಜೋಡಿಸುತ್ತೇವೆ ಎಂಬುದರ ಮೇಲೆ ಅದು ಏನು ಉಗುಳುತ್ತದೆ ಎಂಬುದು ನಿಂತಿದೆ, ಏಕೆಂದರೆ ಒಂದು ಮಂತ್ರ ತನ್ನ ಮುಂದಿನದರ ಅರ್ಥವನ್ನೇ ಬದಲಿಸಬಲ್ಲದು. ಕ್ರಮ ತಪ್ಪಿದರೆ ಮಾಟ ಮಾಡಿದವಳಿಗೇ ತಗಲುತ್ತದೆ. ವಿಮರ್ಶಕರು ಇದರ ಕಲ್ಪನೆಯನ್ನು ಕೊಂಡಾಡಿದರು. ಆದರೆ ಎಲ್ಲಿಂದಲೋ ಹರಿದುಬಂದ ಆಮ್ಲಕ್ಕೆ ಸಿಕ್ಕಿ, ಏಕೆ ಸತ್ತೆನೆಂದೂ ತಿಳಿಯದೆ ಸಾಯುವುದು ಯಾವ ನ್ಯಾಯ ಎಂದು ದೂರಿದವರೂ ಉಂಟು. ಒಗಟು ಎಂದರೆ ಬಿಡಿಸಬಲ್ಲದ್ದಾಗಿರಬೇಕು. ಉತ್ತರ ಆಟಗಾರನ ಕಣ್ಣಳತೆಯಲ್ಲಿ ಇಲ್ಲದಿದ್ದರೆ ಅದು ಒಗಟಲ್ಲ, ಲಾಟರಿ.

ಈ ವಾಕ್ಯವನ್ನು ಬೇರೆ ಮಾತುಗಳಲ್ಲಿ ಭಾರತದ ಸುಪ್ರೀಂ ಕೋರ್ಟ್ 1957ರಲ್ಲೇ ಹೇಳಿದೆ; ಅದೂ ಬೆಂಗಳೂರಿನ ಪತ್ರಿಕೆಯೊಂದರ ದೆಸೆಯಿಂದ. ಆಗ ಮೈಸೂರು ರಾಜ್ಯಕ್ಕೆ ಸೇರಿದ್ದ ಬೆಂಗಳೂರಿನಲ್ಲಿ ಮುದ್ರಣವಾಗುತ್ತಿದ್ದ ‘ಸ್ಪೋರ್ಟಿಂಗ್ ಸ್ಟಾರ್’ ಎಂಬ ವಾರಪತ್ರಿಕೆ ಆರ್.ಎಂ.ಡಿ.ಸಿ. ಪದಬಂಧ ಸ್ಪರ್ಧೆಗಳನ್ನು ನಡೆಸುತ್ತಿತ್ತು. ಪ್ರವೇಶ ಶುಲ್ಕ, ದೊಡ್ಡ ಬಹುಮಾನ. ಬೊಂಬಾಯಿ ಸರ್ಕಾರ ಅದರ ಮೇಲೆ ತೆರಿಗೆ ಹಾಕಿದಾಗ ವ್ಯಾಜ್ಯ ಎದ್ದಿತು. ಸುಳಿವಿಗೆ ಸಮಾನವಾಗಿ ಹೊಂದುವ ಪದಗಳ ಪೈಕಿ ಆಯೋಜಕರು ಮೊದಲೇ ಆರಿಸಿ ಮುಚ್ಚಿಟ್ಟ ಪದವನ್ನೇ ಸ್ಪರ್ಧಿ ಊಹಿಸಬೇಕಾಗಿದ್ದುದರಿಂದ ಅದು ಜಾಣ್ಮೆಯ ಸ್ಪರ್ಧೆಯಲ್ಲ, ಜೂಜು ಎಂದು ನ್ಯಾಯಾಲಯ 1957ರ ಏಪ್ರಿಲ್ 9ರಂದು ತೀರ್ಪಿತ್ತಿತು. ಚಮರಬಾಗ್‌ವಾಲಾ ಪ್ರಕರಣವೆಂದು ಕಾನೂನು ವಿದ್ಯಾರ್ಥಿಗಳು ಇಂದಿಗೂ ಓದುವುದು ಇದನ್ನೇ. ಗೆಲುವು ಮುಖ್ಯವಾಗಿ ಕೌಶಲವನ್ನು ಅವಲಂಬಿಸಿದ್ದರೆ ಅದು ಜೂಜಲ್ಲ ಎಂಬ ಅಳತೆಗೋಲು ಅಲ್ಲಿಂದ ನೆಲೆಯೂರಿತು. 1996ರಲ್ಲಿ ಕುದುರೆ ಜೂಜನ್ನೂ ಅದೇ ಕೋಲಿನಿಂದ ಅಳೆದು ಕೌಶಲದ ಆಟವೆಂದು ಸುಪ್ರೀಂ ಕೋರ್ಟ್ ಹೇಳಿತು. (ಕನ್ನಡದಲ್ಲಿ ಅದನ್ನು ನಾವು ಇಂದಿಗೂ ಕುದುರೆ ಜೂಜು ಎಂದೇ ಕರೆಯುತ್ತೇವೆ. ಭಾಷೆ ತೀರ್ಪುಗಳಿಗೆ ಕಾಯುವುದಿಲ್ಲ.)

ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು, ಕೌಶಲದ ಆಟವೇ ಆಗಿದ್ದರೂ ಹಣ ಒಡ್ಡಿದರೆ ಅಪರಾಧವೆಂದಿತು. ಹೈಕೋರ್ಟ್ 2022ರ ಫೆಬ್ರವರಿ 14ರಂದು ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದುಪಡಿಸಿತು. ಕೌಶಲ ಮತ್ತು ಅದೃಷ್ಟದ ನಡುವಿನ ಗೆರೆಯನ್ನು ಅಳಿಸಲಾಗದೆಂಬುದು ಅದರ ತಿರುಳು. ಕೇಂದ್ರದ 2025ರ ಕಾಯ್ದೆ ಆ ಗೆರೆಯನ್ನು ಮತ್ತೊಮ್ಮೆ ಬದಿಗಿಟ್ಟಿದೆ. ಕೌಶಲವೋ, ಅದೃಷ್ಟವೋ, ಎರಡರ ಮಿಶ್ರಣವೋ, ಹಣದ ಆಟವಾದರೆ ನಿಷಿದ್ಧ. ಅದನ್ನು ಪ್ರಶ್ನಿಸಿ ಕರ್ನಾಟಕವೂ ಸೇರಿದಂತೆ ವಿವಿಧ ಹೈಕೋರ್ಟ್‌ಗಳಿಗೆ ಸಲ್ಲಿಕೆಯಾಗಿದ್ದ ಅರ್ಜಿಗಳನ್ನು 2025ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ತನ್ನಲ್ಲಿಗೆ ವರ್ಗಾಯಿಸಿಕೊಂಡಿತು. ಬಡವರ ಮನೆ ಮುರಿಯುವ ದಂಧೆಯನ್ನು ತಡೆಯಲು ಶಾಸಕಾಂಗ ಸರಳ ಗೆರೆ ಎಳೆದದ್ದು ಅರ್ಥವಾಗುವಂಥದ್ದೇ. ಆದರೆ ಕೌಶಲದ ಪ್ರಶ್ನೆಯನ್ನು ಕಾನೂನು ಕೈಬಿಟ್ಟಿತೆಂದ ಮಾತ್ರಕ್ಕೆ ಪ್ರಶ್ನೆ ಇಲ್ಲವಾಗುವುದಿಲ್ಲ. ಅದನ್ನು ಕೇಳುವವರು ಇನ್ನು ವಿಮರ್ಶಕರು ಮಾತ್ರ.

ವಿಮರ್ಶೆಯ ಕಣ್ಣು ಇಲ್ಲದೆಡೆ ಏನಾಗುತ್ತದೆ ಎಂಬುದಕ್ಕೆ ಯುರೋಪಿನದೇ ನಿದರ್ಶನವಿದೆ. ಹೆಸರು ಮರೆಸಿಕೊಂಡ ಕೆನಡಾದ ಒಬ್ಬರೇ ತಯಾರಕ 2024ರಲ್ಲಿ ಹೊರತಂದ ‘ಬಲಾಟ್ರೊ’ ಇಸ್ಪೀಟೆಲೆಗಳ ರೋಗ್‌ಲೈಕ್. ಪಣವಿಲ್ಲ, ಹಣ ಗೆಲ್ಲುವಂತಿಲ್ಲ, ಕಳೆದುಕೊಳ್ಳುವಂತಿಲ್ಲ. ಎಲೆಗಳ ಲೆಕ್ಕಾಚಾರವೇ ಆಟ. ಆದರೂ ಪೋಕರ್‌ನ ಚಿತ್ರಗಳಿವೆ ಎಂಬ ಕಾರಣಕ್ಕೆ ಯುರೋಪಿನ ವಯೋಮಿತಿ ಮಂಡಳಿ ಅದಕ್ಕೆ 18 ವರ್ಷದ ಮುದ್ರೆ ಒತ್ತಿತು. ಕೆಲವು ಮಳಿಗೆಗಳಿಂದ ಆಟ ತಾತ್ಕಾಲಿಕವಾಗಿ ಮಾಯವೂ ಆಯಿತು. ವಿಮರ್ಶಕರು ವರ್ಷದ ಶ್ರೇಷ್ಠ ಆಟಗಳ ಸಾಲಿನಲ್ಲಿ ಅದನ್ನಿಟ್ಟಿದ್ದರು. ಮೇಲ್ಮನವಿಯ ನಂತರ 2025ರ ಫೆಬ್ರವರಿಯಲ್ಲಿ ಮುದ್ರೆ 12ಕ್ಕೆ ಇಳಿಯಿತು. ಇಸ್ಪೀಟೆಲೆ ಕಂಡೊಡನೆ ಜೂಜೆಂದು ತಿಳಿಯುವುದು ನಮ್ಮ ಠಾಣೆಗಳ ರೂಢಿಯೆಂದು ಭಾವಿಸಿದ್ದವರಿಗೆ ಸ್ವಲ್ಪ ಸಮಾಧಾನವಾಗಬಹುದು.

ಇನ್ನು ನಮ್ಮ ದೇಶದ ಆಟಗಳು. ಹೈದರಾಬಾದಿನ ಓಗರ್ ಹೆಡ್ ಸ್ಟುಡಿಯೊ 2017ರಲ್ಲಿ ಹೊರತಂದ ‘ಅಸುರ’, ಪುರಾಣದ ಹಿನ್ನೆಲೆಯಲ್ಲಿ ಅಸುರನ ಕಡೆಯಿಂದ ಕಥೆ ಹೇಳುವ ರೋಗ್‌ಲೈಕ್ ಮಾದರಿಯ ಕಾಳಗದ ಆಟ. ಅಸುರ ಗಳಿಸಬಲ್ಲ ಶಕ್ತಿಗಳ ವೃಕ್ಷವೂ ಪ್ರತಿ ಬಾರಿ ಬೇರೆಯಾಗಿ ಜೋಡಣೆಗೊಳ್ಳುವುದು ಅದರ ವಿಶೇಷ. ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ 2020ರಲ್ಲಿ ಹೊರತಂದ ‘ರಾಜಿ: ಆ್ಯನ್ ಏನ್ಷಿಯಂಟ್ ಎಪಿಕ್’ ರೋಗ್‌ಲೈಕ್ ಅಲ್ಲ, ಆದರೆ ಕಾಳಗ ಮತ್ತು ಒಗಟುಗಳನ್ನು ಒಟ್ಟಿಗೆ ಹೆಣೆದದ್ದು. ಅಪಹೃತ ತಮ್ಮನನ್ನು ಹುಡುಕಿ ಹೊರಟ ಅಕ್ಕ, ಚಕ್ರದಂತೆ ತಿರುಗುವ ಚಿತ್ರಖಂಡಗಳನ್ನು ಸರಿಹೊಂದಿಸಿ ಬಾಲ್ಯದ ನೆನಪುಗಳನ್ನು ಕೂಡಿಸಿಕೊಳ್ಳುತ್ತಾಳೆ. ಸಾರ್ವಜನಿಕ ವಂತಿಗೆಗೆ ಮಾಡಿದ ಯತ್ನ ಗುರಿ ಮುಟ್ಟದಿದ್ದರೂ ಪಟ್ಟುಬಿಡದೆ ಮುಗಿಸಿದ ಆಟ ಅದು. ಗೇಮ್ ಅವಾರ್ಡ್ಸ್‌ನ ಚೊಚ್ಚಲ ಇಂಡಿ ಆಟಗಳ ಪಟ್ಟಿಯಲ್ಲಿ ನಾಮನಿರ್ದೇಶನವನ್ನೂ ಪಡೆಯಿತು.

ರಾಜಿಯನ್ನು ಕುರಿತು ಎರಡು ಬಗೆಯ ಬರಹಗಳು ಬಂದವು. ಒಂದು, ಭಾರತದಿಂದ ಇಂಥ ಆಟ ಬಂದದ್ದೇ ಸಂಭ್ರಮ ಎಂಬ ಹೆಮ್ಮೆಯ ಬರಹ. ಇನ್ನೊಂದು, ಹೊರಗಿನ ಹಲವು ವಿಮರ್ಶಕರದು: ಗೋಡೆಚಿತ್ರಗಳೂ ಕಥನವೂ ಮನೋಹರ, ಆದರೆ ಕಾಳಗದಲ್ಲಿ ಬಿಗಿಯಿಲ್ಲ, ಮುಕ್ತಾಯ ಅರ್ಧಕ್ಕೆ ಕಡಿದಂತಿದೆ. ಅಂದು ಎರಡನೆಯದು ಕಹಿಯೆನಿಸಿತ್ತು. ಸಂಸ್ಥೆ 2022ರಲ್ಲಿ ಪರಿಷ್ಕೃತ ಆವೃತ್ತಿ ತಂದಾಗ ಹಿಂದಿ ಧ್ವನಿಯ ಜೊತೆಗೆ ತಿದ್ದಿದ್ದು ಮುಖ್ಯವಾಗಿ ಕಾಳಗವನ್ನು, ಚಲನೆಯನ್ನು. ತಯಾರಕರಿಗೆ ಉಪಯೋಗಕ್ಕೆ ಬಂದದ್ದು ಯಾವ ಬರಹವೆಂದು ಬಿಡಿಸಿ ಹೇಳಬೇಕಿಲ್ಲ.

ಮೊಳಕಾಲ್ಮುರಿನಲ್ಲಿ ರೇಷ್ಮೆ ಸೀರೆ ತಿಳಿದ ಹಿರಿಯರ ಕೈಗೆ ಹೊಸ ಸೀರೆ ಕೊಟ್ಟು ನೋಡಿ. ನಮ್ಮೂರಿನದು ಎಂದು ಅವರು ಹೊಗಳುವುದಿಲ್ಲ. ಮೊದಲು ಮಗುಚಿ ಒಳಬದಿ ನೋಡುತ್ತಾರೆ, ಅಂಚು ಒಡಲಿಗೆ ಕೂಡಿದ ಜಾಗದಲ್ಲಿ ಬೆರಳಾಡಿಸುತ್ತಾರೆ, ಆಮೇಲೆ ಮಾತು. ಆಟದ ವಿಮರ್ಶೆಗೆ ಬೇಕಾದದ್ದೂ ಇಷ್ಟೇ ಸಹಜವಾದ ನಿಷ್ಠುರತೆ. ಅದಕ್ಕೆ ಬೇಕಾದ ನುಡಿ ಕನ್ನಡಕ್ಕಿಲ್ಲ ಎನ್ನುವುದು, ಅದರಲ್ಲೂ ಈ ಭಾಗದಲ್ಲಿ ನಿಂತು ಹೇಳುವುದು, ಹಾಸ್ಯಾಸ್ಪದ. ಮೈಸೂರು ವಿಶ್ವವಿದ್ಯಾಲಯದ ಮೊದಲ ಕನ್ನಡ ಪ್ರಾಧ್ಯಾಪಕ ಟಿ.ಎಸ್. ವೆಂಕಣ್ಣಯ್ಯ, ಅವರ ತಮ್ಮ ತ.ಸು. ಶಾಮರಾಯ, ಕಾದಂಬರಿಕಾರ ತ.ರಾ.ಸು. ಇವರೆಲ್ಲ ಚಳ್ಳಕೆರೆ ತಾಲ್ಲೂಕಿನ ತಳುಕಿನ ಮನೆತನದವರು. ಕುವೆಂಪು ‘ಶ್ರೀರಾಮಾಯಣ ದರ್ಶನಂ’ ಮಹಾಕಾವ್ಯವನ್ನು ಅರ್ಪಿಸಿದ್ದು ವೆಂಕಣ್ಣಯ್ಯನವರಿಗೆ. ಕೃತಿಯನ್ನು ತೂಗಿ ನೋಡುವ ವಿದ್ಯೆ ಈ ಮಣ್ಣಿಗೆ ಹೊಸದಲ್ಲ.

ಇಲ್ಲಿನ ಹುಡುಗರ ಕೈಯಲ್ಲಿರುವುದು ಮೊಬೈಲ್. ಕಂಪ್ಯೂಟರ್ ಇರುವ ಮನೆಗಳು ಕಡಿಮೆ. ಮೇಲೆ ಹೇಳಿದ ಆಟಗಳ ಭಾಷೆ ಹೆಚ್ಚಾಗಿ ಇಂಗ್ಲಿಷ್. ಮಳೆ ಕೈಕೊಟ್ಟು ಶೇಂಗಾ ಒಣಗುವ ತಾಲ್ಲೂಕಿನಲ್ಲಿ ಆಟದ ವಿಮರ್ಶೆ ಯಾರಿಗೆ ಬೇಕು ಎಂದು ಕೇಳುವವರಿದ್ದಾರೆ. ಕೇಳಲಿ. ಆದರೆ ಡೆಡ್ ಸೆಲ್ಸ್, ಬಲಾಟ್ರೊ ಎರಡೂ ಮೊಬೈಲ್‌ಗೆ ಬಂದಾಗಿದೆ. ಪಬ್‌ಜಿ 2020ರಲ್ಲಿ, ಫ್ರೀ ಫೈರ್ 2022ರಲ್ಲಿ ನಿಷೇಧವಾದಾಗ ಇಲ್ಲಿನ ಹುಡುಗರು ಆಟ ಬಿಡಲಿಲ್ಲ, ಬೇರೆ ಆಟಕ್ಕೆ ಹೋದರು. ಯಾವುದಕ್ಕೆ ಹೋಗಬಹುದಿತ್ತೆಂದು ಹೇಳುವವರು ಅವರ ಭಾಷೆಯಲ್ಲಿ ಯಾರೂ ಇರಲಿಲ್ಲ. ಜಾಹೀರಾತು ಹೇಳಿತು. ಜಾಹೀರಾತು ಹೇಳಿದ ಆಟ ಯಾವುದೆಂದು ಈಗ ಎಲ್ಲರಿಗೂ ಗೊತ್ತಿದೆ.

ತಯಾರಿಕೆಯ ಕಡೆಯೂ ಕರ್ನಾಟಕ ಹಿಂದುಳಿದಿಲ್ಲ. ಬೆಂಗಳೂರಿನ ಧ್ರುವ ಇಂಟರಾಕ್ಟಿವ್ ಸ್ಥಾಪನೆಯಾದದ್ದು 1997ರಲ್ಲಿ. ಹೊರದೇಶದ ದೊಡ್ಡ ಆಟಗಳಿಗೆ ಕಲೆ ಒದಗಿಸುತ್ತ ಬೆಳೆದ ಅದನ್ನು ಅಮೆರಿಕದ ಟೇಕ್-ಟೂ 2019ರಲ್ಲಿ ಸುಮಾರು 79 ಲಕ್ಷ ಡಾಲರ್‌ಗೆ ಕೊಂಡಿತು. ಅನಿಮೇಷನ್ ಮತ್ತು ಆಟಗಳ ಉದ್ಯಮಕ್ಕೆ ರಾಜ್ಯ ಸರ್ಕಾರ 2012ರಲ್ಲೇ ನೀತಿ ಪ್ರಕಟಿಸಿತು, 2024ರಲ್ಲಿ ಐದು ವರ್ಷಗಳ ಹೊಸ ನೀತಿಯೂ ಬಂತು. ಇವೆಲ್ಲ ವಾಣಿಜ್ಯ ಪುಟದಲ್ಲಿ ಅಂಕಿಅಂಶಗಳೊಂದಿಗೆ ಅಚ್ಚಾದವು. ಉದ್ಯೋಗ ಎಷ್ಟು, ರಫ್ತು ಎಷ್ಟು ಎಂಬುದಕ್ಕೆ ಉತ್ತರ ಸಿಕ್ಕಿತು. ಆಟ ಹೇಗಿದೆ ಎಂದು ನೀತಿಯೂ ಕೇಳಲಿಲ್ಲ, ನಾವೂ ಕೇಳಲಿಲ್ಲ.

ಈ ವರದಿಗಾರ ಕೆಲವು ವರ್ಷಗಳ ಹಿಂದೆ ಬೇರೊಂದು ಪತ್ರಿಕೆಯಲ್ಲಿದ್ದಾಗ ಡೆಡ್ ಸೆಲ್ಸ್ ಕುರಿತು ಮುನ್ನೂರು ಪದಗಳ ಟಿಪ್ಪಣಿಯೊಂದನ್ನು ಬರೆದುಕೊಟ್ಟಿದ್ದುಂಟು. ಡೆಸ್ಕಿನ ಹಿರಿಯರು ಓದಿದರು, ಭಾಷೆ ಚೆನ್ನಾಗಿದೆ ಎಂದರು, ನಂತರ ಇದು ಅಪರಾಧ ಪುಟಕ್ಕೋ ವಾಣಿಜ್ಯ ಪುಟಕ್ಕೋ ಎಂದು ವಿಚಾರಿಸಿದರು. ಎರಡಕ್ಕೂ ಅಲ್ಲ ಎಂದಾಗ, ಜಾಗವಾದಾಗ ನೋಡೋಣ ಎಂದು ಮೇಜಿನ ಖಾನೆಗೆ ಸೇರಿಸಿದರು. ಅವರು ನಿವೃತ್ತರಾದ ದಿನ ಖಾನೆ ಖಾಲಿ ಮಾಡುವಾಗ ಆ ಹಾಳೆಯನ್ನು ನೆನಪಿನಿಂದ ತೆಗೆದು ಹಿಂದಿರುಗಿಸಿದರು. ಅಂಚಿನಲ್ಲಿ ಪೆನ್ಸಿಲ್‌ನಿಂದ ಒಂದು ಪ್ರಶ್ನೆ ಬರೆದಿದ್ದರು: ಸತ್ತ ಮೇಲೂ ಬಲ ಉಳಿಯುವುದಾದರೆ, ಕೊನೆಗೆ ಗೆದ್ದವನು ಯಾರು?